ನೆಂಟರಿಗೆ ಎಪ್ಪತ್ತು

"ಬಾಯ್ಲರ್ ಮುಟ್ಟಿದೆಯಾ?" ಡೆಸ್ಮಂಡ್ ಅಡುಗೆಮನೆಯಿಂದಲೇ ಕೂಗಿದ. ಅಲ್ಲಿನ ಬಾಯ್ಲರಿನಲ್ಲಿ ಕಾದ ನೀರೇ ಪೈಪುಗಳಲ್ಲಿ ಹರಿದು ಕೋಣೆಕೋಣೆಯ ಗೋಡೆಯ ರೇಡಿಯೇಟರುಗಳನ್ನು ಬಿಸಿಮಾಡುತ್ತಿತ್ತು.

ಮುಂದಿನ ಕೋಣೆಯಲ್ಲಿ ಕೋಟು ತೊಟ್ಟು ಕುಳಿತಿದ್ದ ಹೆಂಡತಿ ನಾರ್ಮಾ, ಚಹಾದ ಕಪ್ಪನ್ನು ಎರಡೂ ಅಂಗೈಗಳಲ್ಲಿ ಅವುಚಿಕೊಂಡು, "ಒಂಚೂರು ಏರಿಸಿದೆ ಕಣೋ. ರೇಡಿಯೇಟರ್ ಉಗುರುಬೆಚ್ಚಗೂ ಇಲ್ಲ," ಎಂದಳು.

"ರೇಡಿಯೇಟರಿಗೆ ಹೋಗೋ ನೀರು ಐವತ್ತು ಡಿಗ್ರಿ ಇದ್ರೆ ಸಾಕು ಅಂತ ಪೇಪರಿನಲ್ಲೇ ಬರೆದಿದ್ದಾರೆ. ನಿನಗೆ ಅವರಿಗಿಂತ ಜಾಸ್ತಿ ಗೊತ್ತಾ? ಇನ್ನೊಂದು ಸ್ವೆಟರ್ ಹಾಕ್ಕೋ."

"ಹಾಕ್ಕೊಂಡಿದೀನಿ. ಒಂದರ ಮೇಲೊಂದು."

"ಹಾಗಾದ್ರೆ ಎದ್ದು ಓಡಾಡು. ಕೂತಲ್ಲೇ ಬೇರು ಬಿಟ್ರೆ ಚಳಿಯಾಗದೆ ಇನ್ನೇನು?"

ಓಡಾಡಿದರೆ ಅವಳಿಗೆ ಉಬ್ಬಸ ಬರುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ವಯಸ್ಸಾದ ಕಾಯಿಲೆಯವರಿದ್ದರೆ ಇಷ್ಟು ತಗ್ಗಿಸಬೇಡಿ ಎಂಬ ಮಾತೂ ಅದೇ ಪೇಪರಿನಲ್ಲಿತ್ತು. ಓದಿದ್ದ. ತನಗೆ ಬೇಕಾದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಕರಿದ ಮೀನು ಕಟ್ಟಿಕೊಟ್ಟ ಕಾಗದದಂತೆ ಬಿಸಾಕಿದ್ದ. ಅವನ ಕುರ್ಚಿಯೋ, ಒಲೆಗೂ ಬಾಯ್ಲರಿಗೂ ನಡುವೆ. ಬೆನ್ನು ಬೆಚ್ಚಗಿದ್ದವನಿಗೆ ಇನ್ನೊಬ್ಬರ ಚಳಿ ಸೋಮಾರಿತನವಾಗಿಯೇ ಕಾಣುತ್ತದೆ.

ನೆಂಟರು ಬರುವ ದಿನದ ಮಾತು ಬೇರೆ. ಹ್ಯಾಲಿಫ್ಯಾಕ್ಸಿನ ಆ ಕಲ್ಲುಮನೆಗಳ ಸಾಲಿನಲ್ಲಿ ಎಲ್ಲರದೂ ಒಂದೇ ರೂಢಿ: ಮನೆಯವರಿಗೆ ಸ್ವೆಟರ್, ಬಂದವರಿಗೆ ಬಿಸಿ. ಆ ಭಾನುವಾರ ತಂಗಿ ಪಾಲಿನ್ ಗಂಡನೊಡನೆ ಊಟಕ್ಕೆ ಬರುವ ಮೊದಲೇ ಡೆಸ್ಮಂಡ್ ಬಾಯ್ಲರನ್ನು ಎಪ್ಪತ್ತಕ್ಕೆ ಏರಿಸಿದ. ನಾರ್ಮಾ ಕೋಟು ಬಿಚ್ಚಿ ನೀಲಿ ಉಡುಪು ತೊಟ್ಟಳು. ಮುಖಕ್ಕೆ ಬಣ್ಣ ಬಂತು.

"ಎಷ್ಟು ಬೆಚ್ಚಗಿದೆ ಅಣ್ಣ! ನಾರ್ಮಾ, ನೀನು ಪುಣ್ಯವಂತೆ ಬಿಡು," ಎಂದಳು ಪಾಲಿನ್.

"ಇವಳನ್ನ ಒಲೆಯೊಳಗೆ ಕೂರಿಸಿದ್ರೂ ಚಳಿ ಅಂತಾಳೆ," ಎಂದ ಡೆಸ್ಮಂಡ್.

ಎಲ್ಲರೂ ನಕ್ಕರು. ನಾರ್ಮಾಳೂ ನಕ್ಕಳು. ಹೊರಡಲೆದ್ದ ಪಾಲಿನ್‌ಳ ಕೈ ಹಿಡಿದು, "ಇನ್ನೊಂದು ಕಪ್ ಚಹಾ ಕುಡಿದು ಹೋಗೇ," ಎಂದು ಅಂಗಲಾಚಿದಳು. ಅವರ ಕಾರು ತಿರುವು ದಾಟುವಷ್ಟರಲ್ಲಿ ಬಾಯ್ಲರ್ ಐವತ್ತಕ್ಕೆ ಇಳಿದಿತ್ತು.

ಜನವರಿಯಲ್ಲಿ ನ್ಯುಮೋನಿಯಾ ಆಗಿ ಅವಳು ಆಸ್ಪತ್ರೆ ಸೇರಿದಳು. ಮನೆಗೆ ಕಳಿಸುವ ಹಿಂದಿನ ದಿನ ನರ್ಸ್ ಡೆಸ್ಮಂಡನನ್ನು ಕೇಳಿದಳು, "ಮನೆ ಬೆಚ್ಚಗಿರುತ್ತಾ?"

"ಇರದೆ ಏನು? ಐವತ್ತಕ್ಕೆ ಇಟ್ಟಿದೀನಿ."

"ಅದು ಪೈಪಿನೊಳಗಿನ ನೀರಿಗಾಯ್ತು. ಅವರು ಕೂರೋ ಜಾಗ ಹೇಗಿದೆ? ಅಲ್ಲಿ ನೀವು ಕೂತು ನೋಡಿದೀರಾ?"

ಕೂತಿರಲಿಲ್ಲ. ಮನೆಗೆ ಬಂದು ಚಹಾ ಮಾಡಿಕೊಂಡು ಅವಳ ಕುರ್ಚಿಯಲ್ಲಿ ಕುಳಿತ. ಕಿಟಕಿಯ ಸಂದಿಯಿಂದ ಗಾಳಿ ನೇರ ಕುತ್ತಿಗೆಗೇ ಹೊಡೆಯುತ್ತಿತ್ತು. ಚಹಾ ಅರ್ಧಕ್ಕೇ ತಣ್ಣಗಾಯಿತು, ಬೆರಳು ಮರಗಟ್ಟಿದವು. ಮೆತ್ತೆಯ ಅಡಿಯಲ್ಲಿ ಏನೋ ಕೈಗೆ ತಾಗಿತು. ಅವನದೇ ಹಳೆಯ ಉಣ್ಣೆಯ ಕಾಲುಚೀಲಗಳು. ಹೆಬ್ಬೆರಳು ತೂರುವಂತೆ ತೂತು ಮಾಡಿ ಕೈಗವಸು ಮಾಡಿಕೊಂಡಿದ್ದಳು. ತನ್ನ ಹೆಜ್ಜೆ ಸದ್ದಾದರೆ ಬಚ್ಚಿಡುತ್ತಿದ್ದಳೆಂದು ಅವನಿಗೆ ಹೊಳೆಯಿತು. ನಾಚಿಕೆಯಿಂದ ಕಿವಿ ಸುಟ್ಟಿತು. ಆ ಕೋಣೆಯಲ್ಲಿ ಬಿಸಿಯಾಗಿದ್ದದ್ದು ಅದೊಂದೇ. ಎದ್ದು ಹೋಗಿ ಬಾಯ್ಲರನ್ನು ಎಪ್ಪತ್ತಕ್ಕೆ ಏರಿಸಿದ.

ಮರುದಿನ ನಾರ್ಮಾ ಹೊಸ್ತಿಲು ದಾಟಿದಳು. ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿದ್ದೇ ನಿಂತುಬಿಟ್ಟಳು. ಕೆದರಿದ ಕೂದಲನ್ನು ಗಾಬರಿಯಿಂದ ಸರಿಮಾಡಿಕೊಂಡಳು.

"ಯಾರು ಬರ್ತಿದ್ದಾರೆ?"

"ಯಾರೂ ಇಲ್ಲ ಕಣೇ."

"ಮುಂಚೆನೇ ಹೇಳಬಾರದಾ? ಮನೇಲಿ ಒಂದು ಕೇಕೂ ಇಲ್ಲ."

"ನಾರ್ಮಾ, ಯಾರೂ ಬರಲ್ಲ. ನಿನಗೆ ಅಂತಲೇ ಏರಿಸಿದ್ದು. ಕೋಟು ಬಿಚ್ಚು."

ಅವಳು ನಂಬಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು ಬಾಗಿಲನ್ನೇ ನೋಡಿದಳು. "ಇರಲಿ ಬಿಡು. ಅವರು ಹೋದ ತಕ್ಷಣ ಮತ್ತೆ ಹಾಕ್ಕೋಬೇಕಲ್ಲ."

ಡೆಸ್ಮಂಡ್ ಅವಳೆದುರು ಮಂಡಿಯೂರಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಕೊನೆಯದನ್ನು ಅವಳು ಬಿಡದೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.