ಮೂರನೇ ಕೊಠಡಿಯ ಒಪ್ಪಿಗೆ

ನಾನು ಅಂತರರಾಷ್ಟ್ರೀಯ ಅಧ್ಯಯನದ ಪದವಿಗೆ ಸೇರಿದೆನೆಂದಾಗ, ಬೀಗ ರಿಪೇರಿಯ ನಮ್ಮಪ್ಪ ಕೈಯಲ್ಲಿದ್ದ ಅರ ಕೆಳಗಿಡದೆಯೇ ಹೇಳಿದ್ದರು: "ಪಕ್ಕದ್ಮನೆಯವ್ರ ಜೊತೆ ಮಾತು ಬಿಟ್ಟು ಮೂರು ವರ್ಷ ಆಯ್ತು. ಮೊದ್ಲು ಅದನ್ನ ಬಗೆಹರಿಸು." ಆ ಗೊಗ್ಗರು ದನಿಯನ್ನು ಮರುದಿನವೇ ತರಗತಿಯಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಒಪ್ಪಂದಗಳ ಇತಿಹಾಸ ಎಷ್ಟು ತಲೆಗೆ ಹತ್ತಿತೋ ಕಾಣೆ, ನನ್ನ ಗಂಟಲಿಗೆ ಸಿಕ್ಕಿಬೀಳದ ಮೇಷ್ಟ್ರು ಮಾತ್ರ ಒಬ್ಬರೂ ಉಳಿಯಲಿಲ್ಲ.

ತರಗತಿಗೆ ಮೊದಲಿಗಳು ಆಕ್ಷೇಪಣೆ ಅಕ್ಕ. ನಮಗಿಂತ ನಾಲ್ಕು ವರ್ಷ ದೊಡ್ಡವಳು. ಕೊರಿಯರ್ ಕಚೇರಿಯಲ್ಲಿ ದುಡಿದು ಆಮೇಲೆ ಓದಲು ಬಂದವಳು. ಯಾರು ಏನೇ ಹೇಳಲಿ, "ಹಾಗಲ್ಲ, ನೋಡಿ" ಎಂದೇ ಶುರು. ದನಿ ದಪ್ಪ, ಅಂಚಿನಲ್ಲಿ ಸ್ವಲ್ಪ ಒಡಕು. ನನಗೆ ಹೇಳಿ ಮಾಡಿಸಿದ ಹಾಗಿತ್ತು. ಅವಳ ಎದುರೇ ಮಾಡುತ್ತಿದ್ದೆ. "ಲೋ ಮಂಗ, ನನಗೆ ಜ್ವರ ಬಂದ್ರೆ ಹಾಜರಿ ನೀನೇ ಹೇಳ್ಬಿಡು" ಎಂದು ನಗುತ್ತಿದ್ದಳು.

ಕೊನೆಯ ವರ್ಷ ಸಂಧಾನದ ಪರೀಕ್ಷೆ. ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ದೇಶ, ಒಂದೊಂದು ಕೊಠಡಿ, ಕೊಠಡಿಗೊಂದು ಫೋನು. ಎರಡು ದಿನ ಚೌಕಾಸಿ. ಕೊನೆಗೆ ಅಧ್ಯಕ್ಷರಾದ ಮೇಷ್ಟ್ರು ಸಭಾಂಗಣದಿಂದ ಕರೆ ಮಾಡಿ, ಕರಡು ಒಪ್ಪಂದಕ್ಕೆ ಒಪ್ಪಿಗೆಯೋ ಆಕ್ಷೇಪಣೆಯೋ ಎಂದು ಕೇಳುತ್ತಾರೆ. ಹೇಳಿದ ಮಾತು ಹಿಂತೆಗೆಯುವಂತಿಲ್ಲ. ಮೊದಲ ಸ್ಥಾನ ಬಂದವರಿಗೆ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಓದು. ಇದ್ದದ್ದು ಒಂದೇ ಸೀಟು. ಅದು ಅಕ್ಕನದೇ ಎಂದು ಬಾಗಿಲು ಕಾಯುವವರಿಗೂ ಗೊತ್ತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುವ ಅವಳ ಅಮ್ಮ ಆಗಲೇ ಮಗಳಿಗೊಂದು ಉಣ್ಣೆಯ ಕೋಟು ಹುಡುಕಿಟ್ಟಿದ್ದರು.

ಅಕ್ಕನಿಗೆ ಸಿಕ್ಕಿದ್ದು ಪುಟ್ಟ ದ್ವೀಪದೇಶ. ಕರಡಿನ ಒಂಬತ್ತನೇ ಕಲಮು ಆ ದೇಶದ ಮೀನುಗಾರಿಕೆಯ ನೀರನ್ನು ಅರ್ಧಕ್ಕಿಳಿಸುತ್ತಿತ್ತು. ಅದನ್ನು ತಡೆಯಲು ಮೂರು ತಿಂಗಳು ಕಡತ ಕಟ್ಟಿದ್ದಳು. ನನ್ನ ದೇಶಕ್ಕೆ ಸಮುದ್ರವೇ ಇರಲಿಲ್ಲ, ನನಗೆ ಕೆಲಸವೂ ಇರಲಿಲ್ಲ. ಬೆಳಿಗ್ಗೆಯಿಂದ ಮೇಷ್ಟ್ರ ದನಿಯಲ್ಲಿ ಎಲ್ಲ ಕೊಠಡಿಗಳಿಗೂ ಫೋನು ಮಾಡಿ, "ನಿಮ್ಮ ದೇಶ ದಿವಾಳಿಯಾಗಿದೆ, ಮನೆಗೆ ಹೊರಡಿ" ಎನ್ನುತ್ತಿದ್ದೆ. ಐದನೇ ಕೊಠಡಿಯ ಉದ್ದನೆಯವನು ರೇಗಿ, "ನಿಂಗೂ ಇದೇ ಥರ ಮಾಡ್ದೆ ಬಿಡಲ್ಲ" ಎಂದಿದ್ದ.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಅಕ್ಕನ ಮೂರನೇ ಕೊಠಡಿಗೆ ಹೋದೆ. "ಕೂತಿರು, ಜೆರಾಕ್ಸ್ ತಗೊಂಡು ಐದು ನಿಮಿಷದಲ್ಲಿ ಬಂದೆ. ಕರೆ ಇರೋದು ಹನ್ನೆರಡಕ್ಕೆ" ಎಂದು ಹೊರಟಳು. ಅವಳು ಮೆಟ್ಟಿಲಿಳಿದಿರಬೇಕು, ಅಷ್ಟರಲ್ಲಿ ಫೋನು.

"ಮೂರನೇ ಕೊಠಡಿ? ಅಧ್ಯಕ್ಷರು ಮಾತಾಡ್ತಿರೋದು. ಕರಡಿಗೆ ಒಪ್ಪಿಗೆಯೋ, ಆಕ್ಷೇಪಣೆಯೋ?"

ಉದ್ದನೆಯವನೇ ಎಂದುಕೊಂಡೆ. ಮೇಷ್ಟ್ರ ಮೂಗಿನ ದನಿ ಕೂಡಿಬಂದಿಲ್ಲ, ಎಳೆತವೂ ಸಾಲದು, ಕಳಪೆ ನಕಲು ಎನಿಸಿತು. ಮೂರು ವರ್ಷ ಅವರನ್ನು ನನ್ನ ಬಾಯಲ್ಲೇ ಕೇಳಿ ಕೇಳಿ ಅಸಲಿ ಮೇಷ್ಟ್ರೇ ನನಗೆ ನಕಲಿಯಾಗಿದ್ದರು. ಪಾಠ ಕಲಿಸೋಣವೆಂದು ಅಕ್ಕನ ದನಿ ತೆಗೆದೆ. "ಹಾಗಲ್ಲ, ನೋಡಿ ಸರ್... ಒಪ್ಪಿಗೆ. ಪೂರ್ತಿ ಒಪ್ಪಿಗೆ."

"ದಾಖಲಾಯ್ತು," ಎಂದಿತು ಫೋನು. ಹಿಂದೆ ಗುಮಾಸ್ತೆಯ ಟೈಪಿಂಗ್ ಸದ್ದು ಕೇಳಿಸಿತು. ಉದ್ದನೆಯವನ ಕೊಠಡಿಯಲ್ಲಿ ಟೈಪಿಂಗ್ ಇರಲಿಲ್ಲ.

ಆಗಲೇ ಓಡಬಹುದಿತ್ತು. ಸಭಾಂಗಣ ನಲವತ್ತು ಹೆಜ್ಜೆ. ಆದರೆ ಪರೀಕ್ಷೆಯಲ್ಲಿ ಇನ್ನೊಬ್ಬರ ಪರವಾಗಿ ಮಾತಾಡಿದರೆ ಕಾಲೇಜಿನಿಂದಲೇ ಹೊರಗೆ. ಶಾಲೆಯಲ್ಲಿ ಸಂಧಿಗಳನ್ನು ಉರು ಹೊಡೆದಿದ್ದೆ. ಅವತ್ತು ನನ್ನ ಪಾಲಿಗೆ ಬಂದದ್ದು ಲೋಪಸಂಧಿ. ಕಾಲು ಲೋಪ, ನಾಲಿಗೆ ಲೋಪ. ಅಕ್ಕ ಬರುವ ಮುಂಚೆ ನನ್ನ ಕೊಠಡಿಗೆ ಹೋಗಿ ಕೂತೆ.

ಸಭಾಂಗಣದಲ್ಲಿ ಗುಮಾಸ್ತೆ ಓದಿದರು: "ಮೂರನೇ ಕೊಠಡಿ, ಒಪ್ಪಿಗೆ." ಅಕ್ಕ ಎದ್ದಳು, ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಜೆರಾಕ್ಸ್ ಹಾಳೆಗಳು.

"ಹಾಗಲ್ಲ, ನೋಡಿ ಸರ್. ನಾನು ಹೇಳೇ ಇಲ್ಲ."

"ನಿಮ್ಮದೇ ದನಿ ಕಣಮ್ಮ. ಹಾಗಲ್ಲ ನೋಡಿ ಅಂತಾನೇ ಶುರು ಮಾಡಿದ್ರಿ."

ಎಲ್ಲರೂ ನಕ್ಕರು. ಅಕ್ಕ ಹಾಳೆಗಳನ್ನು ಮಡಿಸಿದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ಬೆಳಿಗ್ಗೆ ನೀವು ಫೋನ್ ಮಾಡಿ, ಇವತ್ತು ಸಭೆ ಸ್ವಲ್ಪ ಬೇಗ ಮುಗಿಸೋಣ, ಒಪ್ಪಿಗೆನಾ ಅಂದ್ರಿ. ಹೂಂ ಅಂದಿದ್ದೆ. ಅದೇ ಕರಡಿಗೆ ಒಪ್ಪಿಗೆ ಅಂತ ಆಯ್ತೇನೋ, ನಾನೇ ಗೊಂದಲ ಮಾಡ್ಕೊಂಡೆ ಅನ್ಸುತ್ತೆ." ಎಲ್ಲದಕ್ಕೂ ಆಕ್ಷೇಪಿಸುವವಳು ತನ್ನ ಮೇಲೆ ಬಂದದ್ದನ್ನು ಮಾತ್ರ ಒಪ್ಪಿಕೊಂಡು ಕೂತಳು. ನಾನು ಎರಡು ಬೆಂಚು ಹಿಂದಿದ್ದೆ.

ಫಲಿತಾಂಶದಲ್ಲಿ ಅವಳು ಆರನೆಯವಳು. ಮೊದಲು ಯಾರೆಂದು ಹೇಳಲು ನಾಲಿಗೆ ಏಳುವುದಿಲ್ಲ. ಕಳೆದುಕೊಳ್ಳಲು ಸಮುದ್ರವೇ ಇಲ್ಲದ ದೇಶಕ್ಕೆ ಅಂಕವೂ ಕಳೆಯಲಿಲ್ಲ. ಸೀಟು ನನ್ನದಾಯಿತು.

ಹೊರಡುವ ವಾರ ಅಕ್ಕ ನಮ್ಮಪ್ಪನ ಅಂಗಡಿಗೇ ಬಂದಳು. ಆ ವಿಶ್ವವಿದ್ಯಾಲಯದ ಗ್ರಂಥಾಲಯದ ವೇಳೆ, ಯಾವ ಅಧ್ಯಾಪಕರು ಏನು ಪಾಠ ಮಾಡುತ್ತಾರೆ, ಎಲ್ಲವನ್ನೂ ಬರೆದಿಟ್ಟ ಕಡತ ಕೊಟ್ಟಳು. "ತಗೋ. ನಾನು ಮತ್ತೆ ಕೊರಿಯರ್‌ಗೇ ಹೋಗ್ತಿದೀನಿ. ಅಲ್ಲಿ ಇದನ್ನ ಯಾರು ಓದ್ತಾರೆ?"

ಆಗ ಬಾಯಿಗೆ ಬಂತು. "ಅಕ್ಕ, ಅವತ್ತು ಫೋನಲ್ಲಿ ಒಪ್ಪಿಗೆ ಅಂದಿದ್ದು ನಾನು."

ಅವಳು ನನ್ನನ್ನೇ ನೋಡಿದಳು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಕಣೋ."

"ಸುಳ್ಳಲ್ಲ."

"ಹಂಗಾದ್ರೆ ಹೇಳು ನೋಡೋಣ. ನನ್ನ ದನೀಲಿ."

ಅರದ ಸದ್ದು ನಿಂತಿತು. ಅಪ್ಪ ತಲೆಯೆತ್ತಿದ್ದರು. ಟಿಕೆಟ್ಟು ಮೇಜಿನ ಮೇಲಿತ್ತು. ಗಂಟಲು ಕೈಕೊಟ್ಟಿತೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೈಕೊಡಲಿಲ್ಲ. ಆ ದನಿ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಬೇಕೆಂದೇ ಅದನ್ನು ತೆಳ್ಳಗೆ ಮಾಡಿ, ಒಡಕು ತೆಗೆದು, ಯಾರದೋ ದನಿಯಲ್ಲಿ "ಒಪ್ಪಿಗೆ" ಎಂದೆ.

"ಥೂ, ನನ್ನ ಥರ ಇಲ್ವೇ ಇಲ್ಲ," ಎಂದು ಅಕ್ಕ ನಕ್ಕಳು. ನನ್ನ ಬೆನ್ನು ತಟ್ಟಿ, ಅಪ್ಪನಿಗೆ ಹೇಳಿ, ಬಸ್ ನಿಲ್ದಾಣದ ಕಡೆ ನಡೆದಳು.