ಯಾಳಿನಿಯ ಮುಂದೆ ಹೂ ಕಟ್ಟಿಟ್ಟ ದಿನ

ಯಾಳಿನಿ ನನ್ನ ಅಣ್ಣನ ಮಗಳು. ಒಂದೂವರೆ ವರ್ಷದವರೆಗೆ ಎಲ್ಲ ಸರಿಯಿತ್ತು. ನನ್ನನ್ನು 'ಅತ್ತೆ' ಎಂದು ಕರೆಯುತ್ತಿದ್ದಳು, ಮದುರೆಯ ಸಂತೆಯಲ್ಲಿ ಮಲ್ಲಿಗೆ ಮಾರುವ ನನ್ನ ಅಮ್ಮನಿಗೆ ಬುಟ್ಟಿಯಿಂದ ಮೊಗ್ಗು ಹೆಕ್ಕಿ ಕೊಡುತ್ತಿದ್ದಳು. ಆಮೇಲೆ ಮಾತು ಹೋಯಿತು, ಕೈಯ ಹಿಡಿತ ಹೋಯಿತು. ಈಗ ಅವಳಿಗೆ ಆರು ವರ್ಷ. ಎಚ್ಚರವಿರುವಷ್ಟು ಹೊತ್ತೂ ಎರಡು ಕೈಗಳನ್ನು ಎದೆಯ ಹತ್ತಿರ ಬಟ್ಟೆ ಹಿಂಡಿದಂತೆ ಹಿಂಡುತ್ತಿರುತ್ತಾಳೆ. ಫಿಟ್ಸ್ ಬೇರೆ ಬರುತ್ತದೆ, ಮಾತ್ರೆ ತಪ್ಪಿಸುವಂತಿಲ್ಲ.

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಇದಕ್ಕೆ ರೆಟ್ ಸಿಂಡ್ರೋಮ್ ಎಂದರು. ಒಂದು ಜೀನು ತಾನಾಗಿಯೇ ಬದಲಾಗಿದೆ, ಅಪ್ಪನ ಕಡೆಯಿಂದಲೂ ಬಂದದ್ದಲ್ಲ, ಅಮ್ಮನ ಕಡೆಯಿಂದಲೂ ಅಲ್ಲ ಎಂದು ಬಿಡಿಸಿ ಹೇಳಿದರು. ನನ್ನ ಅಮ್ಮ ಮಾತ್ರ ಅತ್ತಿಗೆ ಪೂಂಗೊಡಿಯ ತವರಿನತ್ತಲೇ ಬೆರಳು ತೋರಿಸಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಮಕ್ಕಳ ಶಾಲೆಯೊಂದರಲ್ಲಿ ಜಾಗ ಸಿಕ್ಕಿತು. ಅದೇ ವಾರ ಅಮ್ಮ, ಮಗುವನ್ನು ಒಂದು ಮಂಡಲ ಕುಲದೇವರ ಗುಡಿಯಲ್ಲಿ ಮಲಗಿಸಬೇಕೆಂದು ಹಟ ಹಿಡಿದಳು. ಅಲ್ಲಿ ತೀರ್ಥ ಬಿಟ್ಟರೆ ಬೇರೆ ಔಷಧ ಕೊಡುವಂತಿಲ್ಲ. ಮಾತ್ರೆ ನಿಂತರೆ ಮಗು ಉಳಿದೀತೇ ಎಂದು ಅತ್ತಿಗೆಗೆ ಜೀವ ಬಾಯಿಗೆ ಬಂದಿತ್ತು. ಅಣ್ಣನದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ. "ಹೂ ಕಟ್ಟಿಟ್ಟು ದೇವ್ರನ್ನೇ ಕೇಳೋಣ" ಎಂದ.

ಬಿಳಿ ಹೂ ಬಂದರೆ ಶಾಲೆ, ಕೆಂಪು ಬಂದರೆ ಗುಡಿ. ಎರಡನ್ನೂ ಬೇರೆಬೇರೆ ಎಲೆಯಲ್ಲಿ ಸುತ್ತಿ ದೇವರ ಮುಂದಿಟ್ಟೆವು. ಪೊಟ್ಟಣ ಎತ್ತಲು ಏನೂ ಅರಿಯದ ಮಗುವೇ ಬೇಕು. ಅಮ್ಮ ಪಕ್ಕದ ಮನೆಯ ಹುಡುಗಿಯನ್ನು ಕೂಗಲು ಹೊರಟಳು.

"ನಮ್ಮನೇಲಿ ಮಗು ಇಲ್ವಾ, ಅತ್ತೆ?" ಎಂದಳು ಅತ್ತಿಗೆ.

"ಇದ್ರ ಕೈ ಎಲ್ಲಿ ನಿಲ್ಲುತ್ತೆ, ಎತ್ತೋಕೆ?"

"ಕಣ್ಣು ನಿಲ್ಲುತ್ತೆ. ಅವ್ಳು ನೋಡಿದ್ದೇ ಎತ್ತಿದ್ದು ಅಂತ ತಿಳ್ಕೊಳ್ಳಿ. ಆದ್ರೆ ಸ್ವಲ್ಪ ಕಾಯ್ಬೇಕು."

"ಅದಕ್ಕೇನು ತಿಳಿಯುತ್ತೆ? ಮರದ ಬೊಂಬೆ. ನನ್ನ ಗುರುತೇ ಇಲ್ಲ."

"ಬಾಯಿ ಮುಚ್ಕೊಂಡು ಕೂತ್ಕೋಮ್ಮ!" ಎಂದು ನಾನೇ ಗದರಿದೆ.

ಪೊಟ್ಟಣಗಳನ್ನು ಯಾಳಿನಿಯ ಎಡಕ್ಕೊಂದು ಬಲಕ್ಕೊಂದು ಇಟ್ಟೆವು. ಅವಳು ಕೈ ಹಿಂಡುತ್ತ ಸೂರು ನೋಡಿದಳು, ಬಾಗಿಲು ನೋಡಿದಳು. "ನಾನು ಹೇಳ್ಲಿಲ್ವಾ" ಎಂದು ಅಮ್ಮ ಶುರುಮಾಡಿದಾಗ ಅತ್ತಿಗೆ ಕೈಯೆತ್ತಿ ತಡೆದಳು. ಮಗುವಿನ ನೋಟ ನಿಧಾನವಾಗಿ ಇಳಿಯಿತು. ಎರಡೂ ಪೊಟ್ಟಣಗಳನ್ನು ದಾಟಿ ನನ್ನ ಅಮ್ಮನ ಮುಖದ ಮೇಲೆ ನಿಂತಿತು.

ಅಮ್ಮ ಪಕ್ಕಕ್ಕೆ ಸರಿದಳು. ನೋಟವೂ ಸರಿಯಿತು. ಎದ್ದು ಕಂಬದ ಆಚೆಗೆ ಹೋಗಿ ನಿಂತಳು. ಸ್ವಲ್ಪ ತಡವಾಗಿ ಆ ಕಣ್ಣುಗಳು ಅಲ್ಲಿಗೂ ಬಂದವು. ಮಗು ನಕ್ಕಿತು.

ಅಮ್ಮ ಕಂಬದ ಮರೆಯಿಂದ ಈಚೆ ಬಂದಳು.

"ಪೂಂಗೊಡಿ, ನಾನು ಆಡಿದ್ದೆಲ್ಲ ಇವ್ಳಿಗೆ ಕೇಳಿಸ್ತಿತ್ತಾ?"

"ಹೂಂ, ಅತ್ತೆ."

"ಎಲ್ಲಾನೂ?"

"ಎಲ್ಲಾನೂ."

ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಆ ಅಳು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆಮೇಲೆ ಅವಳು ಪೊಟ್ಟಣಗಳನ್ನು ಬಿಚ್ಚದೆಯೇ ಸರಿಸಿಬಿಟ್ಟಳು.

"ಬೆಳಿಗ್ಗೆನೇ ಇಸ್ಕೂಲಿಗೆ ಹೇಳಿಬಿಡಿ. ಮಾತ್ರೆ ಹೊತ್ತಾಯ್ತಲ್ಲ, ಇಲ್ಲಿ ತಾ, ನಾನು ಕೊಡ್ತೀನಿ."

ಪುಡಿ ಮಾಡಿದ ಮಾತ್ರೆಯನ್ನು ಜೇನಿನಲ್ಲಿ ಕಲಸಿ ಮೊಮ್ಮಗಳ ಎದುರು ಕೂತಳು. ಚಮಚವನ್ನು ಬಾಯಿಗೆ ತುರುಕಲಿಲ್ಲ.

"ನನ್ನ ಕೈಯಿಂದ ತಗೋತೀಯೇನೇ, ಕಂದಾ?" ಎಂದು ಕೇಳಿ, ಆ ಕಣ್ಣುಗಳನ್ನೇ ನೋಡುತ್ತ ಕಾದಳು.