ಹದಿನೈದು ಅಕ್ಷರದ ಹೆಸರು

ದೇವಕಮ್ಮನ ಹೆಸರನ್ನು ಅರ್ಧಕ್ಕೆ ಕತ್ತರಿಸಿದ್ದು ಒಂದು ಕಂಪ್ಯೂಟರು. ಪಾಪ, ಅದು ಬೇಕೆಂದು ಮಾಡಿದ್ದಲ್ಲ.

ಎರಡು ಸಾವಿರದ ಏಳನೆಯ ಇಸವಿಯ ಮಾತು. ದೇವಕಮ್ಮ ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿ ವರ್ಷ ತುಂಬಿತ್ತು. ಇಲಾಖೆ ಪರೀಕ್ಷೆಯ ಫಲಿತಾಂಶ ನೋಡಲೆಂದು ಗಂಡ ತಿಮ್ಮಣ್ಣನ ಜೊತೆ ಶಹಾಪುರದಲ್ಲಿ ಮಸ್ತಾನಸಾಬನ ನೆಟ್ ಸೆಂಟರಿಗೆ ಹೋಗಿದ್ದಳು. ಫಲಿತಾಂಶದ ಪುಟ ಏನು ಮಾಡಿದರೂ ತೆರೆಯಲೊಲ್ಲದು.

"ಅದು ಬರೋತನಕ ಈ ಆಟ ಆಡ್ರಿ ಬಾಯಿ," ಎಂದು ಮಸ್ತಾನಸಾಬ ಪಕ್ಕದ ಕಂಪ್ಯೂಟರು ತೋರಿಸಿದ. "ಕಂಪ್ಯೂಟರಿಗೆ ಏನೂ ಹಾಕ್ಸೋದು ಬ್ಯಾಡ. ಪುಟ ತೆಗದ್ರ ಆಟ, ಮುಚ್ಚಿದ್ರ ಇಲ್ಲ."

ಆಟ ಮೊದಲು ಇಮೇಲ್ ಕೇಳಿತು. ದೇವಕಮ್ಮನಿಗೆ ಎಲ್ಲಿಯ ಇಮೇಲು? ತಿಮ್ಮಣ್ಣ ತನ್ನದನ್ನೇ ಹೊಡೆದ. ಆಮೇಲೆ ಹೆಸರು ಕೇಳಿತು. ಆಫೀಸಿನಲ್ಲಿ ದಿನಾ ಅರ್ಜಿ ತುಂಬಿ ತುಂಬಿ ಅವಳ ಕೈಗೆ ಅದೇ ರೂಢಿಯಾಗಿತ್ತು. ನಮ್ಮ ಕಡೆ ಪಡಿತರ ಚೀಟಿಯಿಂದ ಹಿಡಿದು ಪಹಣಿಯವರೆಗೆ ಮದುವೆಯಾದ ಹೆಣ್ಣಿನ ಹೆಸರು ಬರೆಯುವುದು ಒಂದೇ ರೀತಿ. ಹಾಗೇ 'ದೇವಕಮ್ಮ ಗಂಡ ತಿಮ್ಮಣ್ಣ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಳು. ಆಟದ ಖಾನೆಯಲ್ಲಿ ಹಿಡಿಸುತ್ತಿದ್ದದ್ದು, ನಡುವಿನ ಖಾಲಿ ಜಾಗವೂ ಸೇರಿ, ಹದಿನೈದೇ ಅಕ್ಷರ. 'ದೇವಕಮ್ಮ ಗಂಡ' ಅನ್ನುವಷ್ಟು ಒಳಗೆ ಉಳಿಯಿತು. ತಿಮ್ಮಣ್ಣ ಹೊರಗೆ ಬಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೂ ಪುಟ ತೆರೆದು ನೋಡಿದರೆ ಪರೀಕ್ಷೆಯೂ ಪಾಸಾಗಿತ್ತು, ಆಡಿದ್ದಕ್ಕೆಲ್ಲ ನಗು ಬರುವ ಕಾಲ ಅದು.

ಆಟಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ದೇವಕಮ್ಮ ಅದನ್ನು ಕೋಟೆ ಆಟ ಎಂದೇ ಕರೆದಳು. ಚಿತ್ರ ಕಡಿಮೆ, ಬರಹ ಹೆಚ್ಚು. ಕೋಟೆಗೆ ಕಲ್ಲು ಹೊರಬಹುದು, ಕಾಡಿಗೆ ಹೋಗಿ ಮೃಗಗಳ ಜೊತೆ ಕಾದಾಡಬಹುದು, ಬಾಗಿಲು ಕಾಯಬಹುದು. ದಿನಕ್ಕೆ ನಲವತ್ತು ಪಾಳಿ. ಮುಗಿದವೋ, ಇವತ್ತಿಗೆ ಸಾಕು, ನಾಳೆ ಬಾ ಅನ್ನುತ್ತದೆ.

ಆಫೀಸಿನಲ್ಲಿ ಅವಳ ಕೆಲಸವೂ ಪಾಳಿಯದೇ. ಯಾವ ಗೇಟಿಗೆ ಎಷ್ಟು ನೀರು, ಯಾವ ಊರಿನ ಪಾಳಿ ಯಾವತ್ತು ಎಂಬುದನ್ನು ದಿನವಿಡೀ ಟೈಪು ಮಾಡಬೇಕು. ಕಾಲುವೆಯ ಕೊನೆಯ ಹೊಲದವರು ಬಂದು ಮೇಜು ಗುದ್ದುತ್ತಿದ್ದರು: "ನಮ್ಮ ಪಾಳಿ ಮ್ಯಾಲಿನವ್ರು ನುಂಗ್ಯಾರ್ರಿ!" ಗೇಟಿನ ಕೀಲಿ ಅವಳ ಕೈಯಲ್ಲೇ ಇದೆಯೇನೋ ಅನ್ನುವ ಹಾಗೆ. ಕೋಟೆ ಆಟದಲ್ಲಿ ಮಾತ್ರ ಯಾರ ಪಾಳಿಯನ್ನೂ ಯಾರೂ ನುಂಗುವಂತಿರಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು ಕೈ ತೊಳೆದು ಕೂತರೆ ಇಪ್ಪತ್ತು ನಿಮಿಷದ ಕೆಲಸ. ಆಫೀಸಿನ ಮುದಿ ಕಂಪ್ಯೂಟರಿನಲ್ಲೂ ಅದು ತಂಟೆಯಿಲ್ಲದೆ ತೆರೆಯುತ್ತಿತ್ತು. ಮುಂದೆ ಮೊಬೈಲು ಬಂತು. ಕುಣಿಯುವ, ಗುಂಡು ಹಾರಿಸುವ ಬಣ್ಣ ಬಣ್ಣದ ಆಟಗಳು ಬಂದವು. ಒಂದೆರಡನ್ನು ಆಡಿ ನೋಡಿ ಬಿಟ್ಟಳು. ಅವು ಮದುವೆ ಊಟ, ಇದು ಮನೆಯ ರೊಟ್ಟಿ. ದಿನಾ ಬೇಕಾಗುವುದು ಯಾವುದು, ನೀವೇ ಹೇಳಿ.

ಕೋಟೆಯ ಉತ್ತರದ ಬಾಗಿಲು ಕಾಯುವುದು ಅವಳ ಪಾಲಿಗೆ ಬಂತು. ಜೊತೆಗಿದ್ದವರು ಪೋಲೆಂಡಿನ ಒಬ್ಬ ಬೇಕರಿಯ ಹೆಂಗಸು, ಬ್ರೆಜಿಲಿನ ಒಬ್ಬ ಹಲ್ಲಿನ ಡಾಕ್ಟರು. ದೇವಕಮ್ಮ ಎಂದು ಅಷ್ಟುದ್ದ ಬರೆಯಲು ಅವರಿಗೆ ಬೇಜಾರು. ಹೆಸರಿನ ಗಿಡ್ಡ ತುಂಡನ್ನೇ ಹಿಡಿದುಕೊಂಡರು. ಮೊದಲ ಸಲ "ಗಂಡ ಎಲ್ಲಿ?" ಎಂದು ಡಾಕ್ಟರು ಬರೆದಾಗ ಅವಳು ತನಗೆ ಬರುವ ಇಂಗ್ಲಿಷಿನಲ್ಲಿ, "ಸುರಪುರಕ್ಕೆ ಹೋಗಿದ್ದಾರೆ," ಎಂದು ಉತ್ತರಿಸಿದಳು. ಬಾಗಿಲು ಬಿಟ್ಟು ಅಲ್ಲಿಗೇಕೆ ಹೋದೆ, ಬೇಗ ಬಾ, ಶತ್ರು ಬಂದಿದ್ದಾನೆ ಎಂದು ಆತ ಮತ್ತೆ ಬರೆದ ಮೇಲೆ ವಿಷಯ ತಲೆಗೆ ಹೊಕ್ಕಿತು. ಸುರಪುರ ಕಾಡಿನಾಚೆಯ ಯಾವುದೋ ಕೋಟೆ ಎಂದು ಆ ಡಾಕ್ಟರು ಇವತ್ತಿಗೂ ನಂಬಿದ್ದಾನೆ.

ಐದು ವರ್ಷ ಕಳೆದವು. ಸರ್ವೆ ಕೆಲಸಕ್ಕೆಂದು ಹುಣಸಗಿಗೆ ಹೋದ ತಿಮ್ಮಣ್ಣ ಅಲ್ಲೇ ಲಾಲಮ್ಮ ಎಂಬಾಕೆಯ ಜೊತೆ ಸಂಸಾರ ಹೂಡಿದ. ಮಕ್ಕಳಿರಲಿಲ್ಲ; ಬಿಟ್ಟು ಹೋಗುವುದು ಅವನಿಗೆ ಸಲೀಸಾಯಿತು. ಶಹಾಪುರದ ಜನ ಕೇಳುವುದನ್ನು ಬಿಡಬೇಕಲ್ಲ! ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಎಲ್ಲ ಗೊತ್ತಿದ್ದೂ "ಗಂಡ ಎಲ್ಲಿ?" ಎಂದು ಕೇಳುತ್ತಿದ್ದರು. ದೇವಕಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಆ ದಿನಗಳಲ್ಲಿ ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಆ ನಲವತ್ತು ಪಾಳಿಗಳು. "ಗಂಡ ಬಂತು, ಇನ್ನು ಭಯವಿಲ್ಲ," ಎಂದು ಪೋಲೆಂಡಿನಾಕೆ ಬರೆದರೆ ಎದೆ ತಣ್ಣಗಾಗುತ್ತಿತ್ತು. ಒಂದು ದಿನವೂ ಬಾಗಿಲು ಬಿಡಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರ ಅಕ್ಟೋಬರಿನಲ್ಲಿ ಆಟದ ಪುಟದ ಮೇಲೆ ಒಂದು ನೋಟೀಸು ಬಂತು. ಆಟ ಹೊಸ ಜಾಗಕ್ಕೆ ಹೋಗುತ್ತಿದೆ, ಹಳಬರೆಲ್ಲ ಹತ್ತು ದಿನದೊಳಗೆ ತಮ್ಮ ಹೆಸರನ್ನು ಖಾತ್ರಿಪಡಿಸಬೇಕು, ಮಾಡದಿದ್ದರೆ ಆ ಹೆಸರು ಅಳಿದುಹೋಗುತ್ತದೆ. ಖಾತ್ರಿಯ ಪತ್ರ ಮೊದಲು ಕೊಟ್ಟ ಇಮೇಲಿಗೆ ಬರುತ್ತದೆ. ಅಂದರೆ ತಿಮ್ಮಣ್ಣನ ಇಮೇಲಿಗೆ! ದೇವಕಮ್ಮ ಆಟದವರಿಗೆ ಕಾಗದ ಬರೆದಳು. ಬೇರೆ ದಾರಿಯಿಲ್ಲ ಎಂದು ಉತ್ತರ ಬಂತು. ಎಂಟು ದಿನ ಹಲ್ಲು ಕಚ್ಚಿ ಕೂತಳು.

"ಒಂದ್ ಆಟದ ಸಲುವಾಗಿ ಆ ಮನಷ್ಯಾನ ಹೊಸ್ತಿಲಾ ತುಳೀತಿಯೇನವಾ?" ಪಕ್ಕದ ಮೇಜಿನ ಖುರ್ಷೀದಬೇಗಂ ಕೇಳಿದಳು. "ಹೊಸಾ ಹೆಸರು ಇಟ್ಕೊಂಡು ಮತ್ತ ಶುರು ಮಾಡು."

"ಹೊಸಾ ಹೆಸರಿಟ್ಕೊಂಡು ಹೋದ್ರ ಅಲ್ಲಿ ನನಗ ಯಾರು ಗುರ್ತು ಹಿಡೀತಾರ್ರೀ ಬೇಗಂ? ಹದಿನಾಕ ವರ್ಷ ನಿಂತ ಬಾಗಲಾ ಅದು," ಅಂದಳು ದೇವಕಮ್ಮ.

ಒಂಬತ್ತನೆಯ ದಿನ ಭಾನುವಾರ. ಸುರಪುರದಲ್ಲಿ ಬಸ್ಸು ಬದಲಿಸಿ ಹುಣಸಗಿಗೆ ಹೋದಳು. ದಾರಿಯುದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು, ಭತ್ತ ತೆನೆ ಹಿಡಿದಿತ್ತು. ಅವಳು ಮಾತ್ರ ಕಿಟಕಿಯ ಹೊರಗೆ ನೋಡಿದರೂ ಏನನ್ನೂ ನೋಡಲಿಲ್ಲ.

ತಿಮ್ಮಣ್ಣ ಬಸ್‌ಸ್ಟ್ಯಾಂಡಿನ ಹಿಂದೆ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದ. ಮನೆ ಅಂಗಡಿಯ ಹಿಂದೆಯೇ. ಬಾಗಿಲಿಗೆ ಬಂದ ಲಾಲಮ್ಮ ನೋಡಿದ ಕೂಡಲೇ ಗುರುತು ಹಿಡಿದಳು, ಮುಖ ಬಿಳಿಚಿತು. ಮನೆಯಲ್ಲೋ ಆಸ್ತಿಯಲ್ಲೋ ಪಾಲು ಕೇಳಲು ಬಂದಳೆಂದು ಅವಳ ಹೆದರಿಕೆ. ಮಾತು ಕೇಳಿ ತಿಮ್ಮಣ್ಣನೂ ಅಂಗಡಿಯಿಂದ ಎದ್ದು ಬಂದ.

"ಏನೂ ಕೇಳಾಕ ಬಂದಿಲ್ಲವಾ. ಇವರ ಮೊಬೈಲಿನಾಗ ಒಂದ್ ಬಟನ್ ಒತ್ತಸಬೇಕಾಗ್ಯದ," ಎಂದಳು ದೇವಕಮ್ಮ.

ಲಾಲಮ್ಮ ನೀರು ತಂದುಕೊಟ್ಟು ಬಾಗಿಲಲ್ಲೇ ನಿಂತಳು. ತಿಮ್ಮಣ್ಣ ಕನ್ನಡಕ ಏರಿಸಿಕೊಂಡು ಹಳೆಯ ಇಮೇಲು ತೆರೆದ. ಎಂದೂ ಬಿಚ್ಚಿ ನೋಡದ ಪತ್ರಗಳ ರಾಶಿ. ಅದರಲ್ಲಿ ಮುಕ್ಕಾಲು ಭಾಗ ಕೋಟೆ ಆಟದವೇ, ವಾರಕ್ಕೊಂದರಂತೆ. ಒಂದೊಂದನ್ನೇ ಓದುತ್ತ ಹೋದ. ಗಂಡ ಬಾಗಿಲು ಬಿಟ್ಟುಕೊಡಲಿಲ್ಲ. ಗಂಡ ನೂರು ದಿನ ತಪ್ಪದೆ ಬಂತು. ಗಂಡನಿಗೆ ಕೋಟೆಯ ಜನ ಪದಕ ಕೊಟ್ಟಿದ್ದಾರೆ. ಓದುತ್ತ ಓದುತ್ತ ಅವನ ದನಿ ಮೆತ್ತಗಾಯಿತು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

"ದೇವಕೀ, ಹದಿನಾಕ ವರ್ಷ ಗಂಡ ಗಂಡ ಅಂತ ಇದನ್ನ ಹಿಡ್ಕೊಂಡು ಕುಂತೀಯೇನ? ನಾ ಹಿಂಗ ಮಾಡಿದ್ರೂ?"

ಲಾಲಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು. ದೇವಕಮ್ಮ ರಾಶಿಯಲ್ಲಿ ಎಲ್ಲಕ್ಕಿಂತ ಮೇಲಿನ ಪತ್ರವನ್ನು ಬೆರಳಿಟ್ಟು ತೋರಿಸಿದಳು. ಖಾತ್ರಿಯ ಪತ್ರ ತೆರೆಯಿತು. ತಿಮ್ಮಣ್ಣನ ಹೆಬ್ಬೆರಳು ಬಟನ್ನಿನ ಹತ್ತಿರ ಹೋಗಿ ನಿಂತಿತು.

"ನೋಡಿಲ್ಲಿ, ಹೆಸರಿನ ಖಾನಿ ದೊಡ್ಡದು ಮಾಡ್ಯಾರ," ಎಂದ. ದನಿಯಲ್ಲಿ ಹಬ್ಬದ ಹುರುಪು. "ಬೇಕಾದ್ರ ತಿದ್ದಬಹುದಂತ. ಮೂವತ್ತು ಅಕ್ಷರ ಹಿಡಸ್ತಾವ. ಆವತ್ತ ಹೊರಗ ಬಿದ್ದಿತ್ತಲ್ಲ ನನ್ನ ಹೆಸರು, ಈಗ ಪೂರ್ತಿ ಬರೀಲೇನು? ದೇವಕಮ್ಮ ಗಂಡ ತಿಮ್ಮಣ್ಣ?"

"ಬ್ಯಾಡ್ರಿ. ಎಷ್ಟದನೋ ಅಷ್ಟೇ ಇರ್ಲಿ."

"ಯಾಕ? ಗಂಡ ಅಂತ ಇಟ್ಟು ಯಾರ ಗಂಡ, ಏನ್ ಹೆಸರು ಅಂತ ಹಾಕದಿದ್ರ ಹೆಂಗ? ಅರ್ಥ ಆಗಬ್ಯಾಡೇನು?"

"ಅವರಿಗೆಲ್ಲ ಅರ್ಥ ಆಗ್ಯದ್ರಿ," ಎಂದಳು ದೇವಕಮ್ಮ. ಸಿಟ್ಟಿರಲಿಲ್ಲ. ಊರಿಗೆ ಹೊಸಬನಿಗೆ ದಾರಿ ಹೇಳಿಕೊಡುವಷ್ಟು ಸಮಾಧಾನದಿಂದ ಹೇಳಿದಳು: "ನೀವು ಓದಿದ್ರಲ್ಲ, ಆ ಗಂಡ ನೀವಲ್ರೀ. ನಾನು."

ತಿಮ್ಮಣ್ಣನ ಹೆಬ್ಬೆರಳು ಗಾಳಿಯಲ್ಲೇ ಉಳಿಯಿತು. ಮತ್ತೊಮ್ಮೆ ಪತ್ರ ನೋಡಿದ, ಮತ್ತೊಮ್ಮೆ ದೇವಕಮ್ಮನನ್ನು ನೋಡಿದ. ಬಾಗಿಲಲ್ಲಿದ್ದ ಲಾಲಮ್ಮ ಸೆರಗು ಬಿಟ್ಟು ಒಳಗೆ ಬಂದಳು, ಅವನ ಕೈಯಿಂದ ಮೊಬೈಲು ತೆಗೆದುಕೊಂಡು ದೇವಕಮ್ಮನ ಪಕ್ಕದಲ್ಲಿ ಕೂತಳು.

"ಯಾವುದು ಒತ್ತಬೇಕು, ತೋರಿಸಕ್ಕಾ," ಎಂದಳು.